ಶರಿ ಎನ್ನುತ್ತಿದ್ದ ಹುಡುಗ

ಹೋದ ತಿಂಗಳು ತಂಗಿಯ ಮೊಮ್ಮಗನ ನಾಮಕರಣಕ್ಕೆ ಪಿರಿಯಾಪಟ್ಟಣಕ್ಕೆ ಹೋಗಿದ್ದಾಗ ನನ್ನ ಮೊಬೈಲು ಕೈಕೊಟ್ಟಿತು. ಬಸ್ ನಿಲ್ದಾಣದ ಹತ್ತಿರದ ಸಣ್ಣ ರಿಪೇರಿ ಅಂಗಡಿಯಲ್ಲಿ ಕೊಟ್ಟು ಸ್ಟೂಲಿನ ಮೇಲೆ ಕೂತೆ. ಅಂಗಡಿಯವನು ಬೆಸುಗೆ ಕಡ್ಡಿ ಬಿಸಿಮಾಡಿ ತಂತಿಯೊಂದಕ್ಕೆ ಮುಟ್ಟಿಸಿದ. ಎಳೆಯಷ್ಟು ಹೊಗೆ ಎದ್ದಿತು. ಕರಗಿದ ರಾಳದ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಕಿವಿಗಳು ಬಿಸಿಯಾದವು.

“ಯಾಕಜ್ಜಿ, ಫ್ಯಾನ್ ಹಾಕ್ಲಾ?” ಎಂದ ಅವನು.

ಬೇಡವೆಂದೆ. ಎಪ್ಪತ್ತು ದಾಟಿದ, ಮೇಷ್ಟರಿಕೆ ಮಾಡಿ ನಿವೃತ್ತಳಾದ ಹೆಂಗಸು ನಾನು, ಹತ್ತೊಂಬತ್ತರ ಹುಡುಗಿಯ ಹಾಗೆ ಸೆರಗಿನಿಂದ ಮುಖ ಒರೆಸಿಕೊಂಡೆ. ಹೊರಗೆ ಆಷಾಢದ ತುಂತುರು. ಅಂಥದೇ ಒಂದು ಮಳೆಗಾಲ ಇದೇ ಪೇಟೆಯಲ್ಲಿ ನನ್ನನ್ನು ತಲೆಯೆತ್ತದಂತೆ ಮಾಡಿತ್ತು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೈಸೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಮುಗಿಸಿ ಬಂದಿದ್ದೆ. ಇನ್ನು ಓದು ಸಾಕು, ಗಂಡು ಹುಡುಕೋಣ ಎಂದಿದ್ದರು ಅಪ್ಪ. ಪೇಟೆಬೀದಿಯಲ್ಲಿ ಅಪ್ಪನ ದಿನಸಿ ಅಂಗಡಿ. ಊರೆಲ್ಲ ಅದನ್ನು ಮಾದಪ್ಪನ ಅಂಗಡಿ ಎನ್ನುತ್ತಿತ್ತು. ಅಂಗಡಿಯ ಹಿಂದೆಯೇ ನಮ್ಮ ಮನೆ. ಮಧ್ಯೆ ಅಕ್ಕಿ, ಬೆಲ್ಲ, ಹುರುಳಿ ಮೂಟೆಗಳ ಒಂದು ಕೋಣೆ. ಮಧ್ಯಾಹ್ನ ಅವ್ವ ಒರಗಿದ ಮೇಲೆ ಆ ಮೂಟೆಗಳ ಸಂದಿಯಲ್ಲಿ ಕೂತು ನಾನೊಂದು ಕಾದಂಬರಿ ಬರೆಯತೊಡಗಿದೆ.

ವೈಜ್ಞಾನಿಕ ಕಾದಂಬರಿ. ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದಂಥ ಹುಡುಗಿಯರು, ಹೈಸ್ಕೂಲಿನ ಮಕ್ಕಳು ಓದಲಿ ಎಂದು ಬರೆದದ್ದು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಬಂದಿದ್ದ ಹೊಸತು. ಎಲ್ಲರ ಕಣ್ಣೂ ಮೇಲಕ್ಕಿದ್ದ ಕಾಲ. ಹಾರನಹಳ್ಳಿಯಲ್ಲಿ ನನ್ನ ಸೋದರಮಾವನ ಹೊಗೆಸೊಪ್ಪಿನ ಬ್ಯಾರನ್ ಇತ್ತು. ಸೊಪ್ಪನ್ನು ಕೋಲಿಗೆ ಕಟ್ಟಿ, ತೂಗುಹಾಕಿ, ಕೆಳಗೆ ಬೆಂಕಿ ಕೊಟ್ಟು ಹದಮಾಡುವ ಎತ್ತರದ ಮನೆ ಅದು. ಕಿಟಕಿಯಿಲ್ಲ, ಒಳಗೆಲ್ಲ ತಗಡಿನ ಕೊಳವೆಗಳು. ಚಿಕ್ಕಂದಿನಿಂದ ನನಗದು ಇನ್ನೇನು ನೆಲ ಬಿಟ್ಟು ಏಳಲಿರುವ ಹಾಗೆ ಕಾಣುತ್ತಿತ್ತು. ನನ್ನ ಕಾದಂಬರಿಯಲ್ಲಿ ಅದು ಎದ್ದೇಬಿಟ್ಟಿತು. ಒಳಗೆ ಸಿಕ್ಕಿಕೊಂಡಿದ್ದ ಚಂಪಾ ಎಂಬ ಹುಡುಗಿಯನ್ನು ಹೊತ್ತು ಎರಡು ಚಂದ್ರರಿರುವ ಲೋಕಕ್ಕೆ ಹೋಗಿ ಇಳಿಯಿತು. ಆ ಲೋಕದಲ್ಲಿ ಮಳೆಯೆಂಬುದೇ ಇಲ್ಲ. ಅಲ್ಲಿ ನಿರುವ ಎಂಬ ಹುಡುಗ ಅವಳ ಮುರಿದ ಬ್ಯಾರನ್ನನ್ನು ರಿಪೇರಿ ಮಾಡಿಕೊಡುತ್ತಾನೆ.

ಮೈಸೂರಿನ ಒಂದು ಸಣ್ಣ ವಾರಪತ್ರಿಕೆಗೆ ಅಂಚೆಯಲ್ಲಿ ಕಳಿಸಿದೆ. ಧಾರಾವಾಹಿಯಾಗಿ ಹಾಕುತ್ತೇವೆ ಎಂದು ಉತ್ತರ ಬಂತು. ಮೊದಲರ್ಧವಷ್ಟೇ ಬರೆದಿದ್ದೆ. ಉಳಿದದ್ದನ್ನು ಬರೆಯುತ್ತ ಕಳಿಸುವುದೆಂದಾಯಿತು.

ಮೊದಲ ಕಂತು ಬಂದ ದಿನ ಅಪ್ಪನ ಸಂಭ್ರಮ ಹೇಳತೀರದು. ಅವರು ಓದಿದ್ದು ನಾಲ್ಕನೇ ಕ್ಲಾಸು. ಪತ್ರಿಕೆಯನ್ನು ತಕ್ಕಡಿಯ ಮೇಲಿನ ತಂತಿಗೆ ಸಿಕ್ಕಿಸಿ, ಉಪ್ಪು ಕೇಳಿದವರಿಗೂ ಸೀಮೆಎಣ್ಣೆ ಕೇಳಿದವರಿಗೂ ತೋರಿಸಿದರು.

“ನಮ್ ಮಗೀನ್ ಎಸ್ರು ಅಚ್ಚಾಗದೆ ಕಣ್ರೀ. ಅಗೋ, ಅಲ್ಲಿ. ನೀಲಾಂಬಿಕೆ ಅಂತ.”

ವಾರ ವಾರ ಮೈಸೂರಿನ ಬಸ್ಸಿನಲ್ಲಿ ಪತ್ರಿಕೆಯ ಕಟ್ಟು ಬರುವುದನ್ನು ಜನ ಕಾಯತೊಡಗಿದರು. ಹೈಸ್ಕೂಲಿನ ಗೋಡೆಯ ಮೇಲೆ ಯಾರೋ ರೆಕ್ಕೆಯಿರುವ ಬ್ಯಾರನ್ ಬರೆದಿದ್ದರು. ದೇವಸ್ಥಾನಕ್ಕೆ ಹೋದರೆ ಹೆಂಗಸರು ಜಾಗ ಬಿಟ್ಟುಕೊಡುತ್ತಿದ್ದರು. ನನಗೂ ಸ್ವಲ್ಪ ಜಂಬ ಬಂದಿತ್ತು, ಇಲ್ಲವೆನ್ನಲಾರೆ.

ಇನ್ನು ವೇಣುವಿನ ವಿಷಯ. ಅಪ್ಪನ ಅಂಗಡಿಯಲ್ಲೊಂದು ಹಳೆಯ ವಾಲ್ವು ರೇಡಿಯೋ ಇತ್ತು. ಮಳೆ ಹಿಡಿದರೆ ಅದಕ್ಕೆ ನೆಗಡಿ. ಕೊರಕೊರ ಅಂದು ಮೂಕಾಗಿಬಿಡುತ್ತಿತ್ತು. ಆಗ ವೇಣು ಬರುತ್ತಿದ್ದ. ಮಾನಂತವಾಡಿ ಕಡೆಯ ಮಲಯಾಳಿ ಹುಡುಗ. ನಮ್ಮ ಬೀದಿಯಲ್ಲೇ ದರ್ಜಿ ಪುಟ್ಟಸ್ವಾಮಿಯ ಪಕ್ಕದ ಗೂಡಂಗಡಿಯನ್ನು ಬಾಡಿಗೆಗೆ ಹಿಡಿದು ರೇಡಿಯೋ ರಿಪೇರಿ ಮಾಡುತ್ತಿದ್ದ. ನಮ್ಮ ರೇಡಿಯೋ ಭಾರವೆಂದು ಅವನೇ ಸಲಕರಣೆ ಹಿಡಿದು ಮನೆಗೆ ಬರುವನು. ಮೂಟೆಕೋಣೆಯಲ್ಲಿ ಕತ್ತಲೆ. ಅಪ್ಪ ಅಂಗಡಿಯಿಂದಲೇ ಕೂಗಿ ಹೇಳುತ್ತಿದ್ದರು, “ನೀಲವ್ವ, ಆ ಹುಡ್ಗುಂಗೆ ಒಸಿ ದೀಪ ಹಿಡಿ.” ನಾನು ಲಾಂದ್ರ ಹಿಡಿದು ನಿಲ್ಲುತ್ತಿದ್ದೆ. ಅವನು ಎಡಚ. ಕಾದ ಕಡ್ಡಿಯನ್ನು ಎಡಗೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚುವಷ್ಟು ಮೆಲ್ಲಗೆ ಬೆಸುಗೆ ಹಾಕುತ್ತಿದ್ದ. ರೇಡಿಯೋ ಮಾತಾಡಿದೊಡನೆ ಹಿಂದಕ್ಕೆ ಒರಗಿ ನಗುತ್ತಿದ್ದ.

“ಶರಿ. ಶರಿ ಆಯ್ತು.”

ಅವರ ಭಾಷೆಯಲ್ಲಿ ಸರಿಗೆ ಶರಿ ಎನ್ನುತ್ತಾರೆ. ಉಳಿದ ಕನ್ನಡವನ್ನು ಅವನು ಚೆನ್ನಾಗಿಯೇ ಮಾತಾಡುತ್ತಿದ್ದ, ಆ ಒಂದು ಮಾತು ಮಾತ್ರ ಊರಿನಿಂದ ತಂದ ಹಾಗೆಯೇ ಉಳಿದಿತ್ತು. ನಮ್ಮಿಬ್ಬರ ನಡುವೆ ಮಾತೆಂದರೆ ಇಷ್ಟೇ. “ದೀಪ ಸ್ವಲ್ಪ ಈ ಕಡೆ ಹಿಡೀರಿ.” “ಕಾಫಿ ಕುಡೀತೀರಾ?” “ಶರಿ.”

ಕಾದಂಬರಿ ಅರ್ಧ ದಾಟಿತು. ಹಾರನಹಳ್ಳಿ ಕಡೆಯಿಂದ ಬರುವ ಗಾಳಿಯಲ್ಲಿ ಬ್ಯಾರನ್ನಿನ ಹೊಗೆ ಬೆರೆತು ಬರುವ ದಿನಗಳು. ಆ ವಾರದ ಕಂತಿನಲ್ಲಿ ಚಂಪಾ ನಿರುವನಿಗೆ ಮಳೆಯೆಂದರೇನೆಂದು ವಿವರಿಸುತ್ತಾಳೆ. ಅವನಿಗೆ ಅರ್ಥವಾಗುವುದಿಲ್ಲ. ಅವಳು ಕೆಲಸ ಮಾಡುವ ಅವನ ಎಡಗೈ ಹಿಡಿದು, ಅಂಗೈ ಮೇಲೆ ತನ್ನ ಬೆರಳ ತುದಿಗಳಿಂದ ಮೊದಲು ಹನಿಹನಿಯಾಗಿ, ಆಮೇಲೆ ಜೋರಾಗಿ ಮಳೆ ಸುರಿಸಿ ತೋರಿಸುತ್ತಾಳೆ. ನಿರುವ ಕಣ್ಣು ಮುಚ್ಚಿ ‘ಶರಿ’ ಎನ್ನುತ್ತಾನೆ.

ವೇಣು ರಿಪೇರಿಗೆಂದು ಹೊರಗೆ ಹೋಗಿದ್ದಾಗ ಆ ಸಂಚಿಕೆಯನ್ನು ಪುಟ್ಟಸ್ವಾಮಿ ತನ್ನ ಹೊಲಿಗೆ ಯಂತ್ರದ ಮುಂದೆ ಕೂತು ಗಿರಾಕಿಗಳಿಗೆ ಗಟ್ಟಿಯಾಗಿ ಓದಿದನಂತೆ. ನಡುವೆ ಓದು ನಿಲ್ಲಿಸಿ, ತೊಡೆ ತಟ್ಟಿಕೊಂಡು ಕೂಗಿದನಂತೆ.

“ಲೇ, ಇದು ನಮ್ ವೇಣು ಕಣ್ರಲಾ! ಎಡಗೈ, ರಿಪೇರಿ, ಶರಿ! ಇವ ಯಾವ ಲೋಕ್ದವ್ನೂ ಅಲ್ಲ, ನಮ್ಮ ಪಕ್ಕದ್ ಅಂಗ್ಡಿಯವ್ನೇ!”

ಸಂಜೆಯೊಳಗೆ ಪೇಟೆಗೆಲ್ಲ ಹಬ್ಬಿತು. ಮಾರನೆಯ ಬೆಳಿಗ್ಗೆ ಸಕ್ಕರೆಗೆ ಬಂದ ಒಬ್ಬ, ಪೊಟ್ಟಣ ಕೈಗೆ ತೆಗೆದುಕೊಂಡು, “ತೂಕ ಶರಿಯಾಗದೆ ತಾನೇ, ಮಾದಪ್ಪೋರೇ?” ಎಂದು ಹಲ್ಲು ಬಿಟ್ಟ. ಅಪ್ಪನಿಗೆ ತಿಳಿಯಲಿಲ್ಲ. ಮತ್ತೊಬ್ಬ ಬಿಡಿಸಿ ಹೇಳಿದ. ಅಪ್ಪ ತಂತಿಗೆ ಸಿಕ್ಕಿಸಿದ್ದ ಪತ್ರಿಕೆಗಳನ್ನೆಲ್ಲ ಕೆಳಗಿಳಿಸಿದರು.

ನಾನು ಮೂಟೆಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಆ ಕಂತನ್ನು ಮತ್ತೆ ಓದಿದೆ. ನಾನೇ ಬರೆದದ್ದು, ಆದರೆ ಬರೆಯುವಾಗ ಒಮ್ಮೆಯೂ ವೇಣುವಿನ ಹೆಸರು ಮನಸ್ಸಿಗೆ ಬಂದಿರಲಿಲ್ಲ. ಈಗ ನೋಡಿದರೆ ಸಾಲುಸಾಲಿನಲ್ಲೂ ಅವನೇ. ಬಾಗಿದ ಕತ್ತು, ಬಿಗಿಹಿಡಿದ ಉಸಿರು, ಕೆಲಸ ಮುಗಿದಾಗಿನ ನಗು. ಅವನನ್ನು ನಾನು ಅಷ್ಟು ನೋಡಿದ್ದೇನೆಂದು ನನಗೇ ಗೊತ್ತಿರಲಿಲ್ಲ. ನನ್ನ ಮನಸ್ಸನ್ನು ನನಗಿಂತ ಮೊದಲು ದರ್ಜಿ ಪುಟ್ಟಸ್ವಾಮಿ ಓದಿಬಿಟ್ಟಿದ್ದ, ಅದೂ ಗಿರಾಕಿಗಳ ಮುಂದೆ. ಬಚ್ಚಲಲ್ಲಿರುವಾಗ ಗೋಡೆ ಬಿದ್ದುಹೋದ ಹಾಗಾಯಿತು.

ಅಷ್ಟರಲ್ಲಿ ಹುಣಸೂರಿನಿಂದ ಹೆಣ್ಣು ನೋಡಲು ಬರುವುದು ಮೊದಲೇ ನಿಶ್ಚಯವಾಗಿತ್ತು. ಹೊಗೆಸೊಪ್ಪಿನ ವ್ಯಾಪಾರಸ್ಥರು, ನಮ್ಮವರೇ. ಗಂಡಿನ ತಾಯಿ ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು.

“ಕತೆ ಬರೀತೀಯಂತಲ್ಲವ್ವ. ನಿನ್ ಕತೇಲಿ ಬರೋ ಹುಡ್ಗ ಎಲ್ಲವ್ನೆ? ಮ್ಯಾಲವ್ನೋ, ಇಲ್ಲೇ ಕೆಳಗವ್ನೋ?”

ಯಾರೂ ನಗಲಿಲ್ಲ. ಅಪ್ಪ ನೆಲ ನೋಡುತ್ತಿದ್ದರು. ಅವರ ಕತ್ತಿನ ಹಿಂಭಾಗ ಕೆಂಪಗಾದದ್ದನ್ನು ನಾನು ಆ ದಿನ ನೋಡಿದೆ. ತಟ್ಟೆಗಳನ್ನು ಅರ್ಧಕ್ಕೇ ಬಿಟ್ಟು ಬಂದವರು ಎದ್ದರು. ಹೋಗಿ ತಿಳಿಸುತ್ತೇವೆ ಅಂದರು, ತಿಳಿಸಲಿಲ್ಲ.

ಅವರನ್ನು ಬಸ್ಸು ಹತ್ತಿಸಿ ಬಂದ ಅಪ್ಪ ಜಗಲಿಯ ಮೇಲೆ ಕೂತರು. ಆಮೇಲೆ ನನ್ನನ್ನು ಕರೆದರು. ಬೈಯುತ್ತಾರೆಂದು ಹೋದರೆ ದನಿ ಮೆತ್ತಗಿತ್ತು.

“ಅವನ್ನ ಸಾಯಿಸ್ಬುಡು ಮಗ. ಮುಗ್ದೋಗ್ಲಿ.”

ಒಳಗಿದ್ದ ಅವ್ವ ಗಾಬರಿಯಾಗಿ ಓಡಿಬಂದಳು. “ಯಾರ್ನ ಸಾಯ್ಸದು?”

“ಕತೇಲಿ ಕಣೇ! ಆ ಮ್ಯಾಲಿನ್ ಹುಡ್ಗುನ್ನ. ಸತ್ತೋದ ಅಂತ ಬರುದ್ರೆ ಜನ ಮರ್ತೋಯ್ತರೆ.”

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಕಾದಂಬರಿ ಓದದ ಅಪ್ಪನಿಗೆ ಬೇರೆ ದಾರಿ ತೋರಿರಲಿಲ್ಲ. ನಾನು ಮೂಟೆಗಳ ನಡುವೆ ಕೂತು ನಿರುವನನ್ನು ಕೊಲ್ಲಲು ಹೊರಟೆ. ಉಲ್ಕೆ ಬೀಳಿಸಿದೆ. ಗೋಪುರದಿಂದ ದೂಡಿದೆ. ಔಷಧಿಯಿಲ್ಲದ ಜ್ವರ ಬರಿಸಿದೆ. ಪ್ರತಿಸಲವೂ ಅವನು ಕೊನೆಯುಸಿರಿನಲ್ಲಿ ‘ಶರಿ’ ಎಂದುಬಿಡುವನು, ನಾನು ಹಾಳೆ ಹರಿದುಹಾಕುವೆನು.

ಬೀದಿಯಲ್ಲಿ ಏನಾಗುತ್ತಿದೆ ಎಂದು ಹೇಳಿದವಳು ಅವ್ವ. ವೇಣು ಅಂಗಡಿ ತೆಗೆದರೆ ಸಾಕು, ಹುಡುಗರು ಎದುರಿಗೆ ನಿಂತು ಎಡಗೈ ಎತ್ತಿ “ಶರಿ, ಶರಿ” ಎಂದು ಕೂಗುತ್ತಿದ್ದರಂತೆ. ಮಾನವಂತರು ರೇಡಿಯೋ ಕೊಡುವುದನ್ನು ನಿಲ್ಲಿಸಿದ್ದರಂತೆ. ಅಂಗಡಿಯ ಮಾಲೀಕ ಖಾಲಿ ಮಾಡು ಎಂದಿದ್ದನಂತೆ.

“ಆ ಹುಡ್ಗ ಏನ್ ಮಾಡಿತ್ತು, ಪಾಪ,” ಎಂದಳು ಅವ್ವ, ಅಕ್ಕಿ ಆರಿಸುತ್ತ, ನನ್ನ ಮುಖ ನೋಡದೆ. “ಬರ್ದೋಳು ನೀನು. ಉಣ್ಣೋನು ಅವ.”

ಆ ರಾತ್ರಿಯೆಲ್ಲ ಮಗ್ಗುಲು ಬದಲಿಸಿದೆ. ಮಾರನೆಯ ದಿನ ಊಟದ ಹೊತ್ತು ಕಳೆದ ಮೇಲೆ ಆ ಕಂತಿದ್ದ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಮನೆಯಿಂದ ಹೊರಟೆ. ಅಪ್ಪನ ಅಂಗಡಿಯ ಮುಂದಿನಿಂದಲೇ ಹೋದೆ. ಅಪ್ಪ ಗಿರಾಕಿಗೆ ಎಣ್ಣೆ ಅಳೆಯುತ್ತಿದ್ದರು. ತಲೆಯೆತ್ತಿ ನೋಡಿದರು. ನಿಲ್ಲು ಎನ್ನಲಿಲ್ಲ, ಬಹುಶಃ ಬೀದಿಯಲ್ಲಿ ಕೂಗಲು ಅವರಿಗೂ ನಾಚಿಕೆ. ಮಳೆ ಜಿನುಗುತ್ತಿತ್ತು. ಅಷ್ಟು ಸಣ್ಣ ಬೀದಿ ಅಷ್ಟು ಉದ್ದವಿದೆಯೆಂದು ನನಗೆ ಗೊತ್ತಿರಲಿಲ್ಲ. ಪುಟ್ಟಸ್ವಾಮಿಯ ಹೊಲಿಗೆ ಯಂತ್ರದ ಸದ್ದು ನಿಂತಿತು.

ವೇಣು ತಂತಿ, ವಾಲ್ವುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ.

“ರೇಡಿಯೋ ಮತ್ತೆ ಕೆಟ್ಟಿತಾ?”

“ಇಲ್ಲ. ನೀವು ಹೋಗ್ತಿದ್ದೀರಾ?”

“ಹೆಗ್ಗಡದೇವನಕೋಟೆ ಕಡೆ. ಕಬಿನಿ ಅಣೆಕಟ್ಟಿನ ವರ್ಕ್‌ಶಾಪಿನಲ್ಲಿ ಕೆಲಸ ಇದೆ ಅಂದರು.” ಆಮೇಲೆ ತುಟಿಯನ್ನು ಜೋಡಿಸಿಕೊಂಡು, ಒಂದೊಂದೇ ಅಕ್ಷರ ಎತ್ತಿಡುವವನ ಹಾಗೆ ಹೇಳಿದ, “ಅಲ್ಲಿ… ಸ… ಸರಿ ಹೋಗುತ್ತದೆ.”

ಅವನು ಅಭ್ಯಾಸ ಮಾಡಿದ್ದ. ಆ ಒಂದು ಅಕ್ಷರವನ್ನು ತಿದ್ದಿಕೊಂಡಿದ್ದ. ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು.

“ನಾನು ನಿಮ್ಮನ್ನ ನೋಡಿ ನಗೋದಕ್ಕೆ ಬರೀಲಿಲ್ಲ,” ಎಂದೆ. “ನೀವು ಓದಿದ್ದರೆ ಗೊತ್ತಾಗಿರುತ್ತೆ.”

“ನನಗೆ ಕನ್ನಡ ಓದಲು ಬರೋದಿಲ್ಲ,” ಎಂದ ವೇಣು. “ಇವರು ಕೂಗೋದಷ್ಟೇ ಕೇಳಿದ್ದೇನೆ. ಎಡಗೈ, ಆ ಮಾತು, ಅಷ್ಟೇ. ನಿಮ್ಮ ಮನೆಗೆ ಅಷ್ಟು ಸಲ ಬಂದೆ. ಕಾಫಿ ಕೊಡ್ತಿದ್ದಿರಿ. ಮನಸ್ಸಿನಲ್ಲಿ ನಗುತ್ತಿದ್ದಿರಾ, ಅಂತ ಯೋಚನೆ ಮಾಡಿದೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯಬೇಕಾಗಿತ್ತು ಅವನಿಗೆ. ಊರಿಗೆಲ್ಲ ಪ್ರೇಮವಾಗಿ ಕಂಡದ್ದು ಅವನೊಬ್ಬನಿಗೆ ಅಪಹಾಸ್ಯವಾಗಿ ತಲುಪಿತ್ತು. ಅಲ್ಲವೆಂದು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಬರೆದದ್ದನ್ನು ಓದಿ ತೋರಿಸಬೇಕು. ಹಿಂದೆ ತಿರುಗಿ ನೋಡಿದೆ. ಪುಟ್ಟಸ್ವಾಮಿ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ಬಾಗಿಲಿಗೆ ಬಂದಿದ್ದ. ಎದುರಿನ ಹೋಟೆಲಿನಿಂದ ಲೋಟ ಹಿಡಿದೇ ಜನ ಹೊರಗೆ ಬಂದಿದ್ದರು.

“ಕೂತ್ಕೊಳಿ. ಓದ್ತೀನಿ,” ಎಂದೆ.

ಅವನು ಪೆಟ್ಟಿಗೆಯ ಮೇಲೆ ಕೂತ. ನಾನು ಗೂಡಂಗಡಿಯ ಹಲಗೆಗೆ ಆತು ನಿಂತು ಓದಿದೆ. ಮಳೆಯನ್ನು ಅಂಗೈಯಲ್ಲಿ ತೋರಿಸುವ ಭಾಗ ಬಂದಾಗ ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಮುಖ ಸುಡುತ್ತಿತ್ತು, ನಾನು ನಿಲ್ಲಿಸಲಿಲ್ಲ. ‘ಆ ಲೋಕದಲ್ಲಿ ಅವನು ಹೇಳಿದ ಆ ಒಂದು ಮಾತನ್ನು ಕೇಳಿದ ಮೇಲೆ, ತನ್ನ ಊರಿನವರು ನೆಟ್ಟಗೆ ಆಡುತ್ತಿದ್ದ ಮಾತು ಚಂಪಾಳಿಗೆ ಸಪ್ಪೆಯೆನ್ನಿಸಿತು’ ಎಂಬ ಸಾಲಿನ ಮುಂದೆ ಓದಲಾಗಲಿಲ್ಲ. ಕಾಗದ ಮಡಿಸಿದೆ. ಮತ್ತೆ ಯಾರೂ ಶಿಳ್ಳೆ ಹಾಕಲಿಲ್ಲ.

ವೇಣು ತನ್ನ ಅಂಗೈ ನೋಡಿಕೊಳ್ಳುತ್ತ ಕೂತಿದ್ದ. ಅವನ ಕಿವಿಯೂ ಕೆಂಪಗಾಗಿತ್ತು. ಕೊನೆಗೆ ತಲೆಯೆತ್ತಿ, ತುಟಿ ಜೋಡಿಸಿಕೊಳ್ಳದೆ, ಮೆಲ್ಲಗೆ ಹೇಳಿದ.

“ಶರಿ.”

ಅಷ್ಟೇ. ನಾನು ಬಂದ ದಾರಿಯಲ್ಲೇ ನಡೆದು ಮನೆಗೆ ಹೋದೆ. ಮಾರನೆಯ ದಿನ ಅವನು ಕೋಟೆಯ ಬಸ್ಸು ಹತ್ತಿದನೆಂದು ಅವ್ವ ಹೇಳಿದಳು.

ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ವಾರಗಟ್ಟಲೆ ನನ್ನೊಡನೆ ಮಾತಾಡಲಿಲ್ಲ. ನನ್ನನ್ನು ಕಂಡರೆ ಪೇಟೆಯವರು ಈಗ ನಗುತ್ತಿರಲಿಲ್ಲ, ಮಾತು ನಿಲ್ಲಿಸುತ್ತಿದ್ದರು. ನಗುವೇ ವಾಸಿಯಿತ್ತು. ಬೀದಿಯಲ್ಲಿ ಓದುವಾಗ ಎಲ್ಲಿಂದಲೋ ಬಂದಿದ್ದ ಧೈರ್ಯ ಅಲ್ಲಿಯೇ ಮುಗಿದುಹೋಗಿತ್ತು. ಬಾವಿಕಟ್ಟೆಗೆ ಹೋಗಲೂ ಕತ್ತಲಾಗಲಿ ಎಂದು ಕಾಯುತ್ತಿದ್ದೆ.

ಕಾದಂಬರಿಗೆ ಕೊನೆ ಬರೆಯಬೇಕಿತ್ತು. ನಿರುವನನ್ನು ಕೊಲ್ಲಲಿಲ್ಲ. ಆದರೆ ಚಂಪಾಳನ್ನು ಅವನೊಡನೆ ಬಿಡುವಷ್ಟು ಎದೆಯೂ ನನಗಿರಲಿಲ್ಲ. ಬ್ಯಾರನ್ ಹತ್ತಿಸಿ ಒಂಟಿಯಾಗಿ ವಾಪಸು ತಂದೆ. ಹಾರನಹಳ್ಳಿಯಲ್ಲಿ ಇಳಿದ ಅವಳು ಆ ಲೋಕವನ್ನು ಮರೆತು ಸುಖವಾಗಿದ್ದಳು ಎಂದು ಮುಗಿಸಿದೆ. ಜನಕ್ಕೆ ಸಮಾಧಾನವಾಯಿತು. ಆ ಸಂಚಿಕೆ ಬಂದ ದಿನ ಅಪ್ಪ ಬಾಗಿಲಲ್ಲಿ ನಿಂತು ಮೊದಲ ಸಲ ಮಾತಾಡಿದರು.

“ಅವ ಅಲ್ಲೇ ಉಳ್ಕಂಡ್ನಾ?”

“ಹೂಂ.”

“ಓಗ್ಲಿ ಬುಡು,” ಎಂದರು. ಸ್ವಲ್ಪ ಹೊತ್ತು ನಿಂತೇ ಇದ್ದು, “ಪಾಪ,” ಎಂದು ಸೇರಿಸಿ ಅಂಗಡಿಗೆ ಹೋದರು.

ನನ್ನನ್ನು ನೋಡಲು ಮತ್ತೆ ಯಾವ ಗಂಡೂ ನಮ್ಮ ಹೊಸಿಲು ತುಳಿಯಲಿಲ್ಲ. ಇವಳನ್ನು ಮನೆಯಲ್ಲಿಟ್ಟು ಏನು ಮಾಡುವುದೆಂದು ಅಪ್ಪ ಮುಂದಿನ ಜೂನಿನಲ್ಲಿ ಮೈಸೂರಿಗೆ ಕಳಿಸಿದರು. ಹಾಗೆ ನನಗೆ ಓದು ಸಿಕ್ಕಿತು, ಆಮೇಲೆ ಕೆಲಸ. ಮದುವೆ ಬಹಳ ತಡವಾಗಿ, ಎಲ್ಲ ಗೊತ್ತಿದ್ದೂ ಒಪ್ಪಿದ ಒಬ್ಬ ಸಹೋದ್ಯೋಗಿಯ ಜೊತೆ ಆಯಿತು. ಕಾದಂಬರಿ ಮತ್ತೆ ಬರೆಯಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೆಗ್ಗಡದೇವನಕೋಟೆಯ ಹೈಸ್ಕೂಲಿನಲ್ಲಿದ್ದೆ. ಒಂದು ಸಂತೆಯ ದಿನ ಹತ್ತಿರದ ಅಂತರಸಂತೆ ಎಂಬ ಊರಿಗೆ ಹೋಗಿ ವಾಪಸು ಬಸ್ಸು ಕಾಯುತ್ತಿದ್ದಾಗ, ಈರುಳ್ಳಿ ರಾಶಿಯ ಮುಂದೆ ಕೂತು ಆರಿಸುತ್ತಿದ್ದವನೊಬ್ಬ ಎದ್ದು ನಿಂತ. ವೇಣು. ಸ್ವಲ್ಪ ದಪ್ಪಗಾಗಿದ್ದ. ಪಕ್ಕದಲ್ಲಿ ಹೆಂಡತಿ, ಅವಳ ಸೆರಗು ಹಿಡಿದ ಪುಟ್ಟ ಮಗಳು. ಹೆಂಡತಿ ಅಲ್ಲಿಯವಳೇ, ಅಣೆಕಟ್ಟಿನ ಕೆಲಸದಲ್ಲಿ ಪರಿಚಯವಾದವಳು ಎಂದ. ಅವಳಿಗೆ ನನ್ನ ಹೆಸರು ಹೇಳಿದ.

“ಇವ್ರೇನಾ ಬ್ಯಾರನ್ ಕತೆ ಬರ್ದೋರು?” ಎಂದು ಅವಳು ಕಣ್ಣರಳಿಸಿದಳು. “ಈ ಕೂಸು ಆ ಕತೆ ಏಳ್ದಿದ್ರೆ ನಿದ್ದೇನೇ ಮಾಡಲ್ಲ ಕಣಕ್ಕ.”

ನಾನು ಬಗ್ಗಿ ಮಗುವನ್ನು ಕೇಳಿದೆ, “ಎಲ್ಲಿ, ನನಗೂ ಹೇಳು.”

ಮಗು ಹೇಳಿತು. ಹುಡುಗಿ ಬ್ಯಾರನ್ನಿನಲ್ಲಿ ಹಾರಿಹೋದಳು. ಅಲ್ಲಿ ಎರಡು ಚಂದಪ್ಪ. ಅಲ್ಲಿಯವರೆಲ್ಲ ಶರಿ ಅಂತಾರೆ. ಇವಳು ಮಾತ್ರ ಸರಿ ಅಂತಾಳೆ. ಅದಕ್ಕೆ ಎಲ್ಲರೂ ಅವಳನ್ನು ನೋಡಿ ನಗುತ್ತಾರೆ.

“ಆಮೇಲೆ?”

“ಆಮೇಲೆ ಆ ಹುಡ್ಗ ಬಂದು ಅವಳ ಪಕ್ಕ ನಿಂತ್ಕಂಡ. ಅವ್ನೂ ಸರಿ ಅನ್ನಕ್ ಸುರು ಮಾಡ್ದ. ಆಗ ಇಬ್ರನ್ನೂ ನೋಡಿ ನಕ್ಕರು. ಒಬ್ಳೇ ಇದ್ರೆ ಅಳು ಬರ್ತದಲ್ಲ, ಅದ್ಕೆ. ಆಮೇಲೆ ಇಬ್ರೂ ಅಲ್ಲೇ ಉಳ್ಕಂಡ್ರು.”

ಚಂಪಾಳಿಗೆ ಆ ಲೋಕದಲ್ಲಿ ಒಂದು ದಿನವಾದರೂ ನಾಚಿಕೆಯಾಗಿರಬಹುದೆಂದು ಇಡೀ ಕಾದಂಬರಿಯಲ್ಲಿ ನನಗೆ ಹೊಳೆದಿರಲಿಲ್ಲ. ಮಗು ನನ್ನ ಕೈ ಜಗ್ಗಿತು.

“ನೀವು ಬರ್ದಿರೋದೂ ಅಂಗೇ ಅಲ್ವಾ?”

ವೇಣು ನನ್ನತ್ತ ನೋಡಲಿಲ್ಲ. ಈರುಳ್ಳಿಯೊಂದರ ಸಿಪ್ಪೆ ಉಜ್ಜುತ್ತ ನಿಂತಿದ್ದ.

“ಹೂಂ ಕಣವ್ವ,” ಎಂದೆ. “ಹಾಗೇ.”

ಬಸ್ಸು ಬಂತು. ಹತ್ತಲು ಚೀಲ ಎತ್ತಿಕೊಟ್ಟ ಅವನ ಹೆಂಡತಿ, ಕಿಟಕಿಯ ಹತ್ತಿರ ಬಂದು, ಗಂಡನನ್ನು ಹೊಗಳುವ ಸಂತೋಷದಲ್ಲಿ ಹೇಳಿದಳು.

“ನಿಮ್ ಕತೆ ಪೂರ್ತಿ ಓದ್ಬೇಕು ಅಂತಾವ ಇವ್ರು ಕನ್ನಡ ಓದಕ್ ಕಲ್ತ್ರು ಕಣಕ್ಕ. ಆ ವಾರಪತ್ರಿಕೆಗಳ್ನೆಲ್ಲ ಮೈಸೂರಿಂದ ತರಿಸ್ಕಂಡು, ಕೊನೇಗಂಟ ಓದವ್ರೆ.”